ಮಾದೇವಿಯ ಮುಯ್ಯಿ

ಹೋದ ತಿಂಗಳು ಬದನಗುಪ್ಪೆಯ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ನನ್ನ ಬೈಕಿನ ಮುಂದೆ ಒಂದು ಲಾರಿ, ಲಾರಿಯ ತುಂಬ ಚೆಂಡು ಹೂವಿನ ಚೀಲ. ಚೆಂಡು ಹೂವಿನದು ಪರಿಮಳ ಎನ್ನಲಾಗದ, ನಾತ ಎಂದೂ ಅನ್ನಲಾಗದ ಒಂದು ಖಾರದ ವಾಸನೆ. ಚೀಲದೊಳಗೆ ಬಿಗಿದು ಬಿಸಿಲಿಗೆ ಕಾವು ಏರಿದರೆ ಅದು ನೇರ ಗಂಟಲಿಗೇ ಇಳಿಯುತ್ತದೆ. ರೈಲು ಬಂದು ಹೋಗುವಷ್ಟರಲ್ಲಿ ಗುಂಡ್ಲುಪೇಟೆ ಕಡೆಯ ಒಂದು ಹೂವಿನ ಕಾಲ ಪೂರ್ತಿ ನೆನಪಾಯಿತು. ಗೇಟು ಎತ್ತಿದ ಮೇಲೂ ನಾನು ನಿಂತೇ ಇದ್ದೆ ಅಂತ ಕಾಣುತ್ತದೆ. ಹಿಂದಿದ್ದ ಆಟೋದವನು ಹಾರ್ನ್ ಹೊಡೆದು, "ಏನ್ಸಾ, ಇಲ್ಲೇ ಗುಡ್ಲು ಆಕ್ಕತೀರಾ?" ಅಂದ.

ಆ ವರ್ಷ ನಾನು ಚಾಮರಾಜನಗರದ ಒಂದು ಟ್ರಸ್ಟಿನಲ್ಲಿ ಕೆಲಸಕ್ಕಿದ್ದೆ. ವ್ಯಾಪಾರದ ಮನೆತನವೊಂದು ತಮ್ಮ ಹಿರಿಯರ ನೆನಪಿಗೆ ಮಾಡಿಕೊಂಡಿದ್ದ ಟ್ರಸ್ಟು. ಊರಿಗೆ ಉಪಕಾರವಾಗುವ ಕೆಲಸ ಮಾಡಿದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ವರ್ಷಕ್ಕೊಮ್ಮೆ ಕರೆದು ಸನ್ಮಾನ ಮಾಡುತ್ತಿದ್ದರು. ಅಂಥವರನ್ನು ಹುಡುಕಿ ವರದಿ ಕೊಡುವುದು ನನ್ನ ಕೆಲಸ. ಆರಿಸುವುದು, ಹೊಗಳುವುದು, ಹಾರ ಹಾಕುವುದು ಸಮಿತಿಯವರ ಕೆಲಸ. ಈ ಹಂಚಿಕೆ ನನಗೆ ಹಿಡಿಸಿತ್ತು. ಯಾರನ್ನಾದರೂ ಎದುರಿಗೇ ಹೊಗಳುವುದು ನನಗೆ ಮೊದಲಿನಿಂದಲೂ ಕಷ್ಟ.

ಹುಡುಕುವುದೂ ಅಂದುಕೊಂಡಷ್ಟು ಸುಲಭವಿರಲಿಲ್ಲ. ಸೇವೆ ಮಾಡಿದವರಿಗಿಂತ ಸೇವೆಯ ಫೋಟೋ ಇರುವವರು ಬೇಗ ಸಿಗುತ್ತಾರೆ. ಚಾಮರಾಜನಗರದಲ್ಲಿ ಒಬ್ಬ ಯುವ ಮುಖಂಡ ತನ್ನ ಫ್ಲೆಕ್ಸನ್ನೇ ಮಡಿಸಿ ತಂದು ನನ್ನ ಮೇಜಿನ ಮೇಲೆ ಹರಡಿದ. ಅದರಲ್ಲಿ ಒಂದು ಬೇವಿನ ಸಸಿಯನ್ನು ಹತ್ತಾರು ಜನ ಸೇರಿ ಹಿಡಿದುಕೊಂಡಿದ್ದರು. ಆ ಸಸಿ ಈಗ ಎಲ್ಲಿದೆ ಎಂದು ಕೇಳಿದೆ. "ಅದ ದನ ತಿಂದ್ಬುಡ್ತು ಸಾ, ಫೋಟೋ ಐತಲ್ಲ" ಅಂದ. ಅವನ ಪ್ರಾಮಾಣಿಕತೆಗೇ ಒಂದು ಶಾಲು ಕೊಡಬಹುದಿತ್ತು.

ಮಾದೇವಿಯ ಸುದ್ದಿ ಸಿಕ್ಕಿದ್ದು ಆಷಾಢದಲ್ಲಿ, ಹಂಗಳದ ಒಂದು ಟೀ ಅಂಗಡಿಯಲ್ಲಿ. ಹೊರಗೆ ಸೋನೆ ಹಿಡಿದಿತ್ತು. ಬಂಡೀಪುರದ ಕಡೆಯಿಂದ ಬೀಸುವ ಗಾಳಿಗೆ ಅಂಗಡಿಯ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿತ್ತು. ರಸ್ತೆಯಾಚೆ ಹೊಲಗಳೆಲ್ಲ ಹಳದಿ, ಕೇಸರಿ. ಹೂವಿನ ನಡುವೆ ಕೊಡೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದ ಕೇರಳದ ಸಂಸಾರಗಳು. ಅಂಗಡಿಯವನು ಟೀ ಸೋಸುತ್ತ, "ಸೇವೆ ಗೀವೆ ನಂಗೊತ್ತಿಲ್ಲ ಸಾ. ಈ ಒಳಗ್ಲೂರಲ್ಲಿ ಒಂದು ಎಣ್ಮಗ ಐತೆ, ಊರ್ ಮಕ್ಕಳ್ನೆಲ್ಲ ಗುಡ್ಡೆ ಆಕ್ಕಂಡು ಕುಂತಿರ್ತದೆ, ಓಗಿ ನೋಡಿ" ಅಂದ. ಹೋಗಿ ನೋಡಿದೆ. ಆ ಊರಿನ ಹೆಸರು ಇಲ್ಲಿ ಬೇಡ. ಹಂಗಳದಿಂದ ಒಳಕ್ಕೆ ಹೋದರೆ ಸಿಗುವ ಹಳ್ಳಿಗಳಲ್ಲಿ ಒಂದು ಅಂದರೆ ಸಾಕು.

ಚೆಂಡು ಹೂವನ್ನು ಬೆಳಕು ಹರಿಯುತ್ತಲೇ ಬಿಡಿಸಲು ಶುರು ಮಾಡಬೇಕು. ಹೂವಿನಿಂದ ಬಣ್ಣ ತೆಗೆಯುವ ಕಂಪನಿಯ ಲಾರಿ ಸಂಜೆಗೆ ಬಂದು ಚೀಲಗಳನ್ನು ಎತ್ತಿಕೊಂಡು ಹೋಗುತ್ತದೆ. ಹಾಗಾಗಿ ಹೂವಿನ ಕಾಲದಲ್ಲಿ ಊರಿನ ಹೆಂಗಸರೆಲ್ಲ ನಸುಕಿಗೇ ಹೊಲದಲ್ಲಿರುತ್ತಾರೆ, ಅಂಗನವಾಡಿಯ ಬಾಗಿಲು ತೆರೆಯುವುದು ಹೊತ್ತೇರಿದ ಮೇಲೆ. ನಡುವಿನ ಹೊತ್ತಿನಲ್ಲಿ ಚಿಕ್ಕ ಮಕ್ಕಳು ತಾಯಂದಿರ ಸೆರಗು ಹಿಡಿದು ಒದ್ದೆ ಸಾಲುಗಳಲ್ಲಿ ಅಲೆಯುತ್ತಿದ್ದವು. ಕಾಡಂಚಿನ ಊರು, ಬದುವಿನ ಮರೆಯಲ್ಲಿ ಹಂದಿ ಇರಬಹುದು, ಹಾವಿರಬಹುದು. ಹಿಂದಿನ ವರ್ಷ ಒಂದು ಮಗು ಔಷಧಿ ಡಬ್ಬಿಯ ಮುಚ್ಚಳ ನೆಕ್ಕಿ ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಹೇಗೋ ಉಳಿದುಕೊಂಡಿತ್ತಂತೆ.

ಗುಂಡ್ಲುಪೇಟೆಯಲ್ಲಿ ಬಿ.ಎ. ಓದುತ್ತಿದ್ದ ಮಾದೇವಿ ತನ್ನ ವಯಸ್ಸಿನ ಏಳೆಂಟು ಜನರನ್ನು ಕೂಡಿಸಿಕೊಂಡು ಇದಕ್ಕೊಂದು ದಾರಿ ಮಾಡಿದ್ದಳು. ಸಮುದಾಯ ಭವನದ ಬೀಗದ ಕೈ ಈಸಿಕೊಂಡು, ಮಕ್ಕಳನ್ನೆಲ್ಲ ಅಲ್ಲಿ ಸೇರಿಸಿಕೊಂಡು, ದಿನಕ್ಕೊಬ್ಬರಂತೆ ನೋಡಿಕೊಳ್ಳುವುದು. ಅಂಗನವಾಡಿ ತೆರೆದ ಮೇಲೆ ಮಕ್ಕಳನ್ನು ಅಲ್ಲಿಗೆ ಬಿಟ್ಟು ಕಾಲೇಜಿನ ಬಸ್ಸು ಹತ್ತುವುದು. ನಾನು ಹೋದ ದಿನ ಅವಳದೇ ಸರದಿ. ಹತ್ತಿಪ್ಪತ್ತು ಮಕ್ಕಳು ಅವಳನ್ನು ಮುತ್ತಿಕೊಂಡು "ಚೇಚಿ, ಚೇಚಿ" ಎಂದು ಕೂಗುತ್ತಿದ್ದವು. ಫೋಟೋಕ್ಕೆ ಬರುವ ಕೇರಳದವರಿಂದ ಕಲಿತ ಮಾತು. ಅಕ್ಕ ಅಂತ ಯಾರೂ ಕರೆಯುತ್ತಿರಲಿಲ್ಲ.

"ಒಳ್ಳೆಯ ಸೇವೆ" ಅಂದೆ, ಕೆಲಸದ ಮಾತಿಗೆ.

"ಸೇವೆ ಅಲ್ಲ ಸಾ, ಮುಯ್ಯಿ" ಅಂದಳು.

ಮುಯ್ಯಿ ನಮ್ಮ ಕಡೆಯ ಹಳೆಯ ಪದ್ಧತಿ. ಇವತ್ತು ನಿಮ್ಮ ಹೊಲಕ್ಕೆ ನಾನು ಆಳಾಗಿ ಬಂದರೆ ನಾಳೆ ನನ್ನ ಹೊಲಕ್ಕೆ ನೀವು ಬರಬೇಕು. ಕೂಲಿಯ ಮಾತಿಲ್ಲ. ಯಾರ ಕೆಲಸವೋ ಆ ದಿನದ ಮಧ್ಯಾಹ್ನದ ಊಟ ಅವರದು. ಉಂಡವರು ಆ ಮನೆಯ ಕೆಲಸ ಮುಗಿಸದೆ ಹೋಗುವಂತಿಲ್ಲ. ಮುಯ್ಯಿಗೆ ಕರೆದು, ಬಂದವರಿಗೆ ಇಕ್ಕದಿದ್ದರೆ ಅದೂ ಅವಮಾನವೇ. ಮಕ್ಕಳನ್ನು ನೋಡಿಕೊಳ್ಳುವುದನ್ನೂ ಒಂದು ಆಳಿನ ಕೆಲಸ ಎಂದು ಲೆಕ್ಕಕ್ಕೆ ತಂದದ್ದು ಮಾದೇವಿಯ ಹೊಸತನ. ಯಾರು ಬೆಳಿಗ್ಗೆ ಮಕ್ಕಳ ಜೊತೆ ಕೂರುತ್ತಾರೋ ಅವರ ಮನೆಯ ಹೊಲಕ್ಕೆ ಮಿಕ್ಕವರು ಹೂ ಬಿಡಿಸಲು ಹೋಗುತ್ತಿದ್ದರು.

"ನಿಮ್ಮ ಹೊಲ ಎಲ್ಲಿದೆ?" ಎಂದು ಕೇಳಿದೆ.

"ನಮ್ಗೆ ಒಲ ಇಲ್ಲ ಸಾ. ನಮ್ಮ ಮುಯ್ಯಿ ಚಾವಣಿಗೆ."

ಮಕ್ಕಳನ್ನು ಅಂಗನವಾಡಿಗೆ ಬಿಟ್ಟು, ಕೆಳಗಿನ ಬೀದಿಯಲ್ಲಿದ್ದ ಮನೆ ತೋರಿಸಿದಳು. ಬೇಸಿಗೆಯ ಗಾಳಿಗೆ ತಗಡಿನ ಶೀಟುಗಳು ಹಾರಿಹೋಗಿ, ಗೋಡೆಗಳ ಮೇಲೆ ಟಾರ್ಪಾಲು ಎಳೆದು ಕಟ್ಟಿದ್ದರು. ಒಳಗೆ ಅವಳ ತಾಯಿ ಚಿಕ್ಕತಾಯಮ್ಮ ಬಿದ್ದ ನೀರನ್ನು ಮೊರದಿಂದ ಬಾಚಿ ಹಾಕುತ್ತಿದ್ದರು. ತಂದೆ ಇರಲಿಲ್ಲ. ಚಿಕ್ಕತಾಯಮ್ಮ ಗುಂಡ್ಲುಪೇಟೆಯಲ್ಲಿ ಹಳೆಯ ಮನೆ ಕೆಡವುವ ಕೆಲಸಕ್ಕೆ ಹೋಗಿದ್ದಾಗ ಅಲ್ಲಿಯ ಹೆಂಚುಗಳನ್ನು ಕೇಳಿ ತಂದು ಹಿತ್ತಿಲಲ್ಲಿ ಜೋಡಿಸಿದ್ದರು. ಮರಮುಟ್ಟೂ ಅಲ್ಲಿಯದೇ. ಬೇಕಾಗಿದ್ದುದು ಕೈಗಳು. ತೊಲೆ ಎತ್ತಿ ಕೂರಿಸಲು, ರೀಪರ್ ಪಟ್ಟಿ ಹಿಡಿದುಕೊಳ್ಳಲು, ಹೆಂಚನ್ನು ಕೈಯಿಂದ ಕೈಗೆ ದಾಟಿಸಲು ಒಂದು ದಿನಕ್ಕೆ ಒಂದು ಊರೇ ಬೇಕು. ಆ ದಿನಕ್ಕಾಗಿ ಮಾದೇವಿ ತನ್ನ ಸರದಿಯಲ್ಲದೆ ಬೇರೆಯವರ ಸರದಿಗಳನ್ನೂ ತಾನೇ ತೆಗೆದುಕೊಂಡು ಮುಯ್ಯಿ ಕೂಡಿಸುತ್ತಿದ್ದಳು. ಹೂವಿನ ಭರಾಟೆ ಇಳಿದ ಮೇಲೆ, ಹಸ್ತ ಚಿತ್ತೆಯ ದಪ್ಪ ಮಳೆ ಹಿಡಿಯುವ ಮುಂಚೆ ಚಾವಣಿ ಎಂದು ಭವನದಲ್ಲಿ ಎಲ್ಲರೂ ಕೂತು ಒಪ್ಪಿದ್ದರಂತೆ.

ವರದಿಯಲ್ಲಿ ಇದನ್ನೆಲ್ಲ ಇದ್ದದ್ದು ಇದ್ದ ಹಾಗೆ ಬರೆದು ಕೊಟ್ಟೆ. ಟ್ರಸ್ಟಿನ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ಟರು, ಒಳ್ಳೆಯವರು, ಕೆಂಪು ಪೆನ್ನಿನ ಚಟ ಇನ್ನೂ ಬಿಟ್ಟಿರಲಿಲ್ಲ. ಮುಯ್ಯಿ ಎಂದಿದ್ದ ಕಡೆಯೆಲ್ಲ ಗೀಟು ಎಳೆದರು. "ಹುಡುಗಿ ಚೆನ್ನಾಗಿ ಮಾಡಿದಾಳೆ ಕಣ್ರೀ, ಆಯ್ಕೆ ಆದಂಗೇನೆ. ಆದರೆ ಮುಯ್ಯಿ ಅಂದ್ರೆ ಕೊಟ್ಟು ತಗೊಳ್ಳೋದಾಯ್ತು. ಅದನ್ನ ಸೇವೆ ಅನ್ನೋಕಾಗುತ್ತಾ? ಸ್ಟೇಜ್ ಮೇಲೆ ಚೆನ್ನಾಗಿರಲ್ಲ" ಅಂದರು. ಅವಳಿಗೆ ಅದೇ ಮುಖ್ಯ ಸಾರ್ ಎಂದು ನಾನು ಹೇಳಿದೆ. "ಅವಳಿಗೆ ಗೊತ್ತಾಗಲ್ಲ, ಚಿಕ್ಕೋಳು" ಅಂದರು.

ಸನ್ಮಾನ ನಡೆದದ್ದು ಭಾದ್ರಪದದಲ್ಲಿ, ಚಾಮರಾಜನಗರದ ಒಂದು ಕಲ್ಯಾಣ ಮಂಟಪದಲ್ಲಿ. ಊರಿನಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು, ಎರಡೂ ಬೀದಿಯವರು. ಮುಂದಿನ ಸಾಲಿನಲ್ಲಿ ಮೇಲಿನ ಬೀದಿಯ ಗುರುಸಿದ್ದಮ್ಮ ಕೂತಿದ್ದರು. ವಿಭೂತಿಯ ಹಣೆ, ಬಿಗಿದ ತುರುಬು, ಊರಿನಲ್ಲಿ ಅತಿ ಹೆಚ್ಚು ಹೂವು ಹಾಕುವ ಹೊಲ ಅವರದು. ಅವರ ಮಗ ಮಲ್ಲೇಶ ಮಾದೇವಿಯ ಗುಂಪಿನಲ್ಲಿದ್ದ, ಮೊಮ್ಮಗ ದಿನವೂ ಮಾದೇವಿಯ ಮಡಿಲಲ್ಲಿರುತ್ತಿದ್ದ. ಮಾದೇವಿಗೆ ಮೈಸೂರು ಪೇಟ ಇಟ್ಟರು. ಅದು ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಜರಿಯಂಚಿನ ಶಾಲು, ಗಂಧದ ಹಾರ, ಫಲಕ, ಹಣ್ಣಿನ ಬುಟ್ಟಿ. ನಿರೂಪಕರು ಕಂಠ ಎತ್ತಿ, "ಯಾವ ಪ್ರತಿಫಲವನ್ನೂ ಬಯಸದ ನಿಸ್ವಾರ್ಥ ಸೇವಕಿ" ಎಂದು ಮೂರು ಸಲವಾದರೂ ಹೇಳಿರಬೇಕು. ಎರಡು ಮಾತಾಡಮ್ಮ ಎಂದು ಮೈಕ್ ಕೊಟ್ಟಾಗ ಮಾದೇವಿ ಪೇಟವನ್ನು ಹಿಂದಕ್ಕೆ ತಳ್ಳಿಕೊಂಡು, "ನಾನೊಬ್ಳೇ ಮಾಡ್ಲಿಲ್ಲ. ಸುಮ್ಕೂ ಮಾಡ್ಲಿಲ್ಲ, ನಮ್ಮೂರೋರ ಮುಯ್ಯಿಗೆ ಮಾಡ್ದೆ" ಅಂದಳು. ಎಂಥ ವಿನಯ ಎಂದು ಸಭೆ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ, ಸಭೆಯಲ್ಲಿ ಸುಮ್ಮನೆ ಕೂರಲಾಗುವುದಿಲ್ಲ.

ಅದಾಗಿ ಎರಡು ವಾರಕ್ಕೆ ಮಾದೇವಿಯ ಫೋನು. "ನಾಳಿದ್ದು ಚಾವಣಿ ಆಕ್ತೀವಿ ಸಾ, ನೀವೂ ಬರ್ಬೇಕು. ಊಟ ನಮ್ಮನೇಲೆ." ದನಿ ಹಬ್ಬದ ಹಾಗಿತ್ತು. ನಾನು ಹೋಗುವಾಗ ಗುಂಡ್ಲುಪೇಟೆಯಿಂದ ಆಚೆ ದಾರಿಯುದ್ದಕ್ಕೂ ಮೋಡ ಕಟ್ಟಿತ್ತು. ಹೊಲಗಳಲ್ಲಿ ಹೂವು ಕಡಿಮೆಯಾಗಿ, ಒಣಗಿದ ಗಿಡಗಳ ನಡುವೆ ಕೊನೆಯ ಕೊಯ್ಲು ನಡೆದಿತ್ತು. ಫೋಟೋದವರು ಬರುವುದು ನಿಂತಿತ್ತು.

ಅವಳ ಮನೆಯ ಮುಂದೆ ಇದ್ದವರು ಮೂವರೇ. ಮಾದೇವಿ, ಅವಳ ತಾಯಿ, ಹಂಗಳದಿಂದ ಬಂದಿದ್ದ ಬಡಗಿ. ಟಾರ್ಪಾಲು ಬಿಚ್ಚಿಯಾಗಿತ್ತು. ಗೋಡೆಗಳು ಬರಿದಾಗಿ ಆಕಾಶಕ್ಕೆ ತೆರೆದುಕೊಂಡಿದ್ದವು. ಪಾತ್ರೆ, ಹಾಸಿಗೆ, ಪುಸ್ತಕದ ಚೀಲ, ಎಲ್ಲ ಪಕ್ಕದ ಮನೆಯ ಜಗಲಿಯ ಮೇಲೆ. ಒಲೆಯ ಹತ್ತಿರ ದೊಡ್ಡ ಪಾತ್ರೆಯಲ್ಲಿ ಹುರುಳಿ ಸಾರು, ಮಂಕರಿಯ ತುಂಬ ಒದ್ದೆ ಬಟ್ಟೆ ಮುಚ್ಚಿದ ರಾಗಿಮುದ್ದೆ. ಹಂಗಳದಿಂದ ಪೇಪರ್ ತಟ್ಟೆಗಳನ್ನು ತರಿಸಿದ್ದರು. ಮೇಲಿನ ಬೀದಿಯವರೂ ಉಣ್ಣಬೇಕಲ್ಲ, ಯಾರಿಗೂ ಮುಜುಗರ ಬೇಡ ಎಂದು ಬಾಡನ್ನೂ ಮಾಡಿರಲಿಲ್ಲ, ಮನೆಯ ತಟ್ಟೆಗಳನ್ನೂ ಇಟ್ಟಿರಲಿಲ್ಲ.

"ಜನ ಎಲ್ಲಿ?" ಅಂದೆ.

"ಗುರುಸಿದ್ದಮ್ಮಾರ ಒಲ್ದಲ್ಲಿ ಹೂ ಬುಡುಸ್ತಾವ್ರೆ" ಅಂದಳು ಮಾದೇವಿ. ಅವಳ ದನಿಯಲ್ಲಿ ಏನೂ ಇರಲಿಲ್ಲ.

ಚಿಕ್ಕತಾಯಮ್ಮ ಹೇಳಿದರು. ಹಿಂದಿನ ಸಂಜೆ ತಾಯಿ ಮಗಳು ಪದ್ಧತಿಯಂತೆ ಮನೆಮನೆಗೂ ಹೋಗಿ ಕರೆದಿದ್ದರು. ಯಾರೂ ಬರುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಿರಲಿಲ್ಲ. ಒಬ್ಬರು, "ನಿಂಗೇನಮ್ಮಿ, ನಗರದೋರೇ ಶಾಲು ಒದ್ಸಿ ಮುಯ್ಯಿ ತೀರ್ಸುದ್ರಲ್ಲ" ಎಂದು ನಕ್ಕರಂತೆ. ಇನ್ನೊಬ್ಬರು, "ಏನೂ ಬಯಸ್ದೋಳು ಅಂತ ಮೈಕ್ನಲ್ಲಿ ಅಂದ್ರು, ಇವಾಗ ಕೇಳ್ತೀಯಲ್ಲ" ಅಂದರಂತೆ. ಗುರುಸಿದ್ದಮ್ಮ, "ನೋಡನ ಬುಡು" ಅಂದು ಒಳಗೆ ಹೋದರಂತೆ. ಕೆಳಗಿನ ಬೀದಿಯವರಿಗೆ ಅದೇ ಹೊಲದಲ್ಲಿ ಕೂಲಿ. ಗುರುಸಿದ್ದಮ್ಮನ ಹೂ ಬಿಟ್ಟು ಇಲ್ಲಿಗೆ ಬರುವ ಧೈರ್ಯ ಅವರಿಗೂ ಇರಲಿಲ್ಲ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಊರಿನವರು ನಿಜವಾಗಿ ಹಾಗೆ ತಿಳಿದಿದ್ದರೋ, ಹಾಗೆ ತಿಳಿದುಕೊಳ್ಳುವುದು ಅವರಿಗೆ ಅನುಕೂಲವಾಗಿತ್ತೋ ಇವತ್ತಿಗೂ ಹೇಳಲಾರೆ. ಮಕ್ಕಳನ್ನು ಕೆಳಗಿನ ಬೀದಿಯ ಹುಡುಗಿಯ ಕೈಗೆ ಕೊಡುವುದು ಒಂದು, ಅವಳ ಮನೆಯಂಗಳದಲ್ಲಿ ಕೂತು ಉಣ್ಣುವುದು ಇನ್ನೊಂದು. ಹೂವಿನ ಕಾಲವಿಡೀ ಆ ಎರಡನೆಯ ಪ್ರಶ್ನೆ ಎದ್ದಿರಲಿಲ್ಲ. ಅದು ಏಳುವ ದಿನಕ್ಕೆ ಸರಿಯಾಗಿ ನಮ್ಮ ಶಾಲು ಬಂದು ಒಂದು ನೆಪವಾಗಿ ಕೂತಿತ್ತು.

ಬಡಗಿ ಬೀಡಿ ಆರಿಸಿ ಎದ್ದು ನಿಂತ. "ನಾಳೆ ನಾನು ಬತ್ತೇರಿಗೆ ಒಂಟೋಯ್ತೀನಿ ಕಣಮ್ಮಿ. ದೀಪಾವಳಿ ಗಂಟ ಬರಾಕಾಗಲ್ಲ. ಇನ್ನೂ ಅರ್ಧ ದಿನ ಐತೆ, ಕೈ ಇದ್ರೆ ಆಯ್ತದೆ. ಇಲ್ಲಾಂದ್ರೆ ಟಾರ್ಪಾಲ್ನೇ ಮತ್ತೆ ಕಟ್ಬುಡನ" ಅಂದ. ಬತ್ತೇರಿ ಕೇರಳದ ಗಡಿಯಾಚೆಯ ಪೇಟೆ. ಹೋದವರು ಕೆಲಸ ಮುಗಿಯದೆ ಬರುವುದಿಲ್ಲ. ಅಷ್ಟರಲ್ಲಿ ಚಿತ್ತೆ ಮಳೆ ಹೊಯ್ದು ಹೋಗಿರುತ್ತದೆ. ಟಾರ್ಪಾಲಿನಡಿ ಆಗಲೇ ನೆನೆದಿದ್ದ ಆ ಮಣ್ಣಿನ ಗೋಡೆಗಳು ಆ ಮಳೆಗೆ ನಿಲ್ಲುವ ಹಾಗಿರಲಿಲ್ಲ.

ಚಿಕ್ಕತಾಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಕಟ್ಬುಡಪ್ಪ" ಅಂದರು.

"ಇರವ್ವ" ಅಂದಳು ಮಾದೇವಿ. ಸಾರಿನ ಪಾತ್ರೆಯ ಮುಚ್ಚಳ ಒತ್ತಿ ಬಿಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಸಾ, ಈ ಪಾತ್ರೆ ನಿಮ್ಮ ಗಾಡೀಲಿ ಮಡಿಕ್ಕಂಡು ಬತ್ತೀರಾ?" ಅಂದಳು.

ಬಿಸಿ ಸಾರಿನ ಪಾತ್ರೆಯನ್ನು ಬೈಕಿನ ಟ್ಯಾಂಕಿನ ಮೇಲೆ ಗೋಣಿ ಹಾಸಿ ಕೂರಿಸಿದೆವು. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು, ಹಳ್ಳದ ದಾರಿಯಲ್ಲಿ ಕಾಲು ಊರುತ್ತ ಹೋದೆ. ಮೊಣಕಾಲಿನ ಮೇಲೆ ಸಾರು ತುಳುಕಿ ಸುಟ್ಟಿತು. ಮುಂದೆ ಚಿಕ್ಕತಾಯಮ್ಮ ಮುದ್ದೆಯ ಮಂಕರಿ ಹೊತ್ತಿದ್ದರು, ಮಾದೇವಿ ತಟ್ಟೆಗಳ ಕಟ್ಟು ಹಿಡಿದಿದ್ದಳು. ಸಮಾಜಸೇವೆಯ ವರದಿ ಬರೆಯುವವನಿಗೆ ಇಂಥ ಕೆಲಸ ಬೀಳುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಹೊಲದಲ್ಲಿ ಜನ ಸಾಲು ಹಿಡಿದು ಬಗ್ಗಿದ್ದರು. ನಮ್ಮನ್ನು ಕಂಡು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿದರು. ಬದುವಿನ ಹತ್ತಿರ ಹೊಂಗೆ ಮರದ ಕೆಳಗೆ ಪಾತ್ರೆ, ಮಂಕರಿ ಇಳಿಸಿದೆವು. ಮಾದೇವಿ ಹಸಿರು ಗರಿಕೆಯ ಮೇಲೆ ತಟ್ಟೆಗಳನ್ನು ಒಂದೊಂದಾಗಿ ಹಾಸತೊಡಗಿದಳು. ಗಾಳಿಗೆ ಹಾರದಂತೆ ಒಂದೊಂದು ಮುದ್ದೆ ಇಟ್ಟಳು.

ಗುರುಸಿದ್ದಮ್ಮ ಮಡಿಲಿನ ಹೂವನ್ನು ಚೀಲಕ್ಕೆ ಸುರಿದು ಹತ್ತಿರ ಬಂದರು. "ಏನಮ್ಮಿ ಇದು?"

"ಊಟ ಅಮ್ಮಾರೆ. ಇವತ್ತು ನಮ್ಮನೆ ಊಟ ಅಂತ ನೆನ್ನೆ ಕರ್ದಿದ್ನಲ್ಲ. ಅಲ್ಲಿಗ್ ಬರ್ನಿಲ್ಲ, ಅದ್ಕೆ ಇಲ್ಲಿಗೇ ತಂದೆ."

"ನಮ್ಮನೆ ಊಟ ಬತ್ತಾ ಐತೆ ಕಣೆ, ಸೊಸೆ ತತ್ತಾಳೆ. ನನ್ನ ಒಲ್ದಲ್ಲಿ ನೀನು ಇಕ್ಕೋದಾ?"

ಮಾದೇವಿ ಇನ್ನೊಂದು ತಟ್ಟೆ ಹಾಸಿದಳು. ಸುತ್ತ ನಿಂತವರು ಪಾತ್ರೆಯನ್ನು ನೋಡಿದರು, ಗುರುಸಿದ್ದಮ್ಮನ ಮುಖ ನೋಡಿದರು, ಆಮೇಲೆ ಕಾಡಿನ ಕಡೆ ನೋಡಿದರು. ಹಸಿದ ಹೊತ್ತು. ಹುರುಳಿ ಸಾರಿನ ಒಗ್ಗರಣೆ ಗಾಳಿಯಲ್ಲಿತ್ತು.

"ಅಲ್ಲ ಕಣಮ್ಮಿ" ಗುರುಸಿದ್ದಮ್ಮನ ದನಿ ಸ್ವಲ್ಪ ಇಳಿಯಿತು. "ಅಷ್ಟು ಜನರ ಎದುರ್ಗೆ ನಿಂಗೆ ಪೇಟ ಮಡುಗುದ್ರು, ಶಾಲು ಒದ್ಸುದ್ರು. ನಾನೇ ಕಣ್ಣಾರೆ ಕಂಡಿವ್ನಿ. ಅಲ್ಲಿಗೆ ತೀರ್ನಿಲ್ವಾ?"

ಮಾದೇವಿ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಎದ್ದು ನಿಂತಳು.

"ನಗರದೋರ ಮಕ್ಕಳ್ನ ನಾನು ನೋಡ್ಕಂಡಿಲ್ಲ ಅಮ್ಮಾರೆ. ಅವ್ರು ನಂಗೆ ಏನೂ ಕೊಡ್ಬೇಕಾಗಿರ್ನಿಲ್ಲ, ಸುಮ್ಕೆ ಕೊಟ್ರು. ನಾನು ನೋಡ್ಕಂಡಿದ್ದು ನಿಮ್ಮ ಮೊಮ್ಮಗನ್ನ."

ಗುರುಸಿದ್ದಮ್ಮನ ಮಗ ಮಲ್ಲೇಶ ಚೀಲ ಹೊಲಿಯುತ್ತಿದ್ದವನು ದಬ್ಬಳ ಹಿಡಿದೇ ನಿಂತಿದ್ದ. ಅದನ್ನು ಚೀಲಕ್ಕೆ ಚುಚ್ಚಿ ಬಂದು, ತುದಿಯ ತಟ್ಟೆಯ ಮುಂದೆ ಕೂತುಬಿಟ್ಟ. ಕೂತವನು ತಲೆ ಎತ್ತಲಿಲ್ಲ.

ಗುರುಸಿದ್ದಮ್ಮ ಮಗನನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಲದಂಚಿನ ಬಿಂದಿಗೆಯಿಂದ ಕೈಗೆ ನೀರು ಹಾಕಿಕೊಂಡರು. ಬೆರಳ ಸಂದಿಯ ಹೂವಿನ ಹಳದಿ ಅಷ್ಟು ಬೇಗ ಹೋಗುವುದಿಲ್ಲ, ತಿಕ್ಕುತ್ತಲೇ ಇದ್ದರು. ಆಮೇಲೆ ಬಂದು ಮಾದೇವಿಯ ಎದುರಿನ ತಟ್ಟೆಗೇ ಕೂತು, "ಇಕ್ಕು" ಅಂದರು.

ಮಾದೇವಿ ಇಕ್ಕಿದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಎಲ್ಲರೂ ಅಲ್ಲ. ಐದಾರು ಜನ ಮನೆಯ ಊಟವೇ ಬರಲಿ ಎಂದು ಸಾಲಿನಲ್ಲೇ ಉಳಿದರು, ಅವರನ್ನು ಯಾರೂ ಕರೆಯಲೂ ಇಲ್ಲ. ಚಿಕ್ಕತಾಯಮ್ಮ ಮಂಕರಿ ಹಿಡಿದು ಸಾಲಿನ ಹಿಂದೆ ನಿಂತವರು ಬಿಕ್ಕುತ್ತಿದ್ದರು. ನಾನೂ ಒಂದು ತಟ್ಟೆ ಹಿಡಿದು ಮರದ ಆ ಕಡೆಗೆ ಹೋಗಿ ಕೂತೆ.

ಗುರುಸಿದ್ದಮ್ಮ ಸದ್ದಿಲ್ಲದೆ ಉಂಡರು, ಎರಡನೆಯ ಸಲ ಸಾರು ಹಾಕಿಸಿಕೊಂಡರು. ಸಾರಿಗೆ ಉಪ್ಪು ಒಂದು ಕಲ್ಲು ಕಮ್ಮಿ ಎಂದು ಹೇಳುವುದನ್ನೂ ಮರೆಯಲಿಲ್ಲ. ಕೈ ತೊಳೆದು ಎದ್ದಾಗ ಸೊಸೆ ಊಟದ ಬುಟ್ಟಿ ಹೊತ್ತು ದೂರದ ಬದುವಿನ ಮೇಲೆ ಬರುತ್ತಿದ್ದಳು. ಬಂಡೀಪುರದ ಕಡೆ ಮೋಡ ಇನ್ನಷ್ಟು ಕಪ್ಪಾಗಿತ್ತು. ಅರ್ಧ ತುಂಬಿದ ಚೀಲಗಳು ಸಾಲಿನುದ್ದಕ್ಕೂ ಬಾಯಿ ತೆರೆದು ನಿಂತಿದ್ದವು.

"ಲಾರಿ ಸಂಜೆಗೇ ಬತ್ತದೆ ಕಣವ್ವ" ಎಂದು ಮಲ್ಲೇಶ ತಾಯಿಗೆ ಮೆಲ್ಲಗೆ ನೆನಪಿಸಿದ.

"ಬರ್ಲಿ, ಓಗ್ಲಿ. ಇವ್ಳ ಊಟ ಉಂಡಾಯ್ತಲ್ಲ, ಇನ್ನೇನ್ಮಾಡದು?" ಎಂದು ಅವನ ಮೇಲೇ ರೇಗಿ, ಗುರುಸಿದ್ದಮ್ಮ ಮಾದೇವಿಯ ಕಡೆ ತಿರುಗಿದರು.

"ಚಾವಣಿ ಎಂಚ್ಗಳ್ನ ಎಲ್ಲಿ ಮಡಗಿದ್ದೀಯಮ್ಮಿ?"